ಚಂದ್ರ ಪತಂಗ: ಹುಡುಕುವುದು, ಸಾಕುವುದು, ವಾಪಸ್ ಕಾಡಿಗೆ ಬಿಡುವುದು – ಸಮಗ್ರ ಮಾರ್ಗದರ್ಶಿ

ಚಂದ್ರ ಪತಂಗದ ಫೋಟೊ ಒಮ್ಮೆಯಾದರೂ ನಿಮ್ಮ ಮೊಬೈಲಿಗೆ ಬಂದಿರುತ್ತದೆ. ತಿಳಿಹಸಿರು ರೆಕ್ಕೆ, ನಾಲ್ಕು ಕಣ್ಣಿನ ಗುರುತು, ಹಿಂದೆ ಇಳಿಬಿದ್ದ ಎರಡು ಉದ್ದ ಬಾಲ. ಮೂನ್ ಮಾತ್ ಅಂತಲೂ ಕರೆಯುತ್ತಾರೆ. ಆದರೆ ಆ ಹಸಿರು ರೂಪದಲ್ಲಿ ಅದು ಬದುಕಿರುವುದು ಸುಮಾರು ಒಂದು ವಾರ ಮಾತ್ರ. ಉಳಿದ ಬಾಳೆಲ್ಲ ಮೊಟ್ಟೆ, ಮರಿಹುಳು, ಕೋಶ ಅಂತ ಮರದ ಆಸರೆಯಲ್ಲೇ ಕಳೆಯುತ್ತದೆ. ಬಲ್ಬು ಹಚ್ಚಿ ಪತಂಗಕ್ಕೆ ಕಾಯುವವರು ಬಹಳ ಮಂದಿ, ಮರದ ಕೆಳಗೆ ಬಗ್ಗಿ ನೋಡುವವರು ಕಡಿಮೆ. ನಾನು ಮರದಿಂದಲೇ ಶುರು ಮಾಡಿ ಅನ್ನುತ್ತೇನೆ. ಯಾವ ಮರ, ಯಾವ ಕಾಲ ಅಂತ ಗೊತ್ತಾದರೆ ಪತಂಗ ಸಿಗುವುದು ಅದೃಷ್ಟದ ಮಾತಾಗಿ ಉಳಿಯುವುದಿಲ್ಲ.

1. ಮೊದಲು ಗುರುತು ಹಿಡಿಯಿರಿ

ಇದರ ವೈಜ್ಞಾನಿಕ ಹೆಸರು ಆಕ್ಟಿಯಾಸ್ ಸೆಲೀನೆ. ಹೆಸರಿಟ್ಟವರು ಜರ್ಮನಿಯ ಕೀಟತಜ್ಞ ಹ್ಯೂಬ್ನರ್, 1807ರಲ್ಲಿ. ಕುಟುಂಬ ಸ್ಯಾಟರ್ನಿಡೇ. ಟಸರ್, ಎರಿ, ಮುಗಾ ರೇಷ್ಮೆ ಕೊಡುವ ಪತಂಗಗಳೂ ಇದೇ ಕುಟುಂಬದವು. ಭಾರತ, ಶ್ರೀಲಂಕಾ, ನೇಪಾಳದಿಂದ ಆಗ್ನೇಯ ಏಷ್ಯಾದವರೆಗೆ ಇದು ಹರಡಿದೆ. ಪಶ್ಚಿಮ ಘಟ್ಟದಲ್ಲೂ ಇದೆ, ಹಿಮಾಲಯದ ತಪ್ಪಲಲ್ಲೂ ಇದೆ.

ರೆಕ್ಕೆ ಬಿಚ್ಚಿದಾಗ ಸಾಮಾನ್ಯವಾಗಿ 10–12 ಸೆಂ.ಮೀ. ಅಗಲ. ಇನ್ನೂ ದೊಡ್ಡವೂ ಸಿಗುತ್ತವೆ. ಮೈ ಬೆಳ್ಳಗೆ, ಹತ್ತಿಯ ಹಾಗೆ ಮೆತ್ತಗೆ. ಮುಂದಿನ ರೆಕ್ಕೆಯ ಮೇಲಂಚಿನಲ್ಲಿ ಕಡು ಕೆಂಗಂದು ಪಟ್ಟಿ. ಪ್ರತಿ ರೆಕ್ಕೆಯಲ್ಲೂ ಒಂದು ಕಣ್ಣಿನ ಗುರುತು. ಗಂಡೋ ಹೆಣ್ಣೋ ಅಂತ ತಿಳಿಯಲು ಮೀಸೆ ನೋಡಿ. ಗಂಡಿನದು ಅಗಲವಾದ ಗರಿಯಂತೆ ಹರಡಿಕೊಂಡಿರುತ್ತದೆ, ಹೆಣ್ಣಿನದು ಕಿರಿದು. ಹೆಣ್ಣಿನ ಹೊಟ್ಟೆ ಮೊಟ್ಟೆ ತುಂಬಿಕೊಂಡು ದಪ್ಪಗಿರುತ್ತದೆ. ದೊಡ್ಡ ಪತಂಗವಾದ ಮೇಲೆ ಅದು ಏನೂ ತಿನ್ನುವುದಿಲ್ಲ, ತಿನ್ನಲು ಬಾಯಿಯೇ ಬೆಳೆದಿರುವುದಿಲ್ಲ. ಮರಿಹುಳುವಾಗಿದ್ದಾಗ ಮೈಯಲ್ಲಿ ಕೂಡಿಟ್ಟ ಕೊಬ್ಬಿನಲ್ಲೇ ಹಾರಾಟ, ಕೂಡುವುದು, ಮೊಟ್ಟೆ ಇಡುವುದು ಎಲ್ಲ ಮುಗಿಯಬೇಕು. ಆದ್ದರಿಂದ ಸಿಕ್ಕ ಪತಂಗಕ್ಕೆ ಸಕ್ಕರೆ ನೀರು, ಜೇನು ಇಡಬೇಡಿ. ರೆಕ್ಕೆ ಅಂಟಾಗುತ್ತದೆ, ಅಷ್ಟೆ.

ಇನ್ನು ಆ ಬಾಲ. ಅದು ಬಾವಲಿಗೆ ಹೂಡಿದ ಮೋಸ. ಸ್ಯಾಟರ್ನಿಡೇ ಕುಟುಂಬದ ಪತಂಗಗಳಿಗೆ ಕಿವಿ ಇಲ್ಲ, ಬೇಟೆ ಹುಡುಕಲು ಬಾವಲಿ ಬಿಡುವ ಶಬ್ದ ಅವಕ್ಕೆ ಕೇಳುವುದೇ ಇಲ್ಲ. ಹಾರುವಾಗ ತಿರುಚಿದ ಬಾಲ ಸುತ್ತುತ್ತದೆ. ಅದರಿಂದ ಬರುವ ಪ್ರತಿಧ್ವನಿಯ ಹಿಂದೆ ಬಾವಲಿ ಹೋಗುತ್ತದೆ, ಮೈ ಉಳಿಯುತ್ತದೆ. 2015ರಲ್ಲಿ ಅಮೆರಿಕದ ಸಂಶೋಧಕರು ಇದೇ ಕುಲದ ಲೂನಾ ಪತಂಗವನ್ನು ಬಾವಲಿಗಳ ಎದುರು ಹಾರಿಸಿ ನೋಡಿದರು. ಬಾವಲಿಗಳ ಎರಗುವಿಕೆಯಲ್ಲಿ ಶೇ 55ರಷ್ಟು ಬಾಲದ ಕಡೆಗೇ ಇದ್ದವು. ಬಾಲ ಕತ್ತರಿಸಿದ ಪತಂಗಗಳಲ್ಲಿ ಶೇ 81 ಸಿಕ್ಕಿಬಿದ್ದರೆ, ಬಾಲ ಇದ್ದವುಗಳಲ್ಲಿ ಶೇ 35ರಷ್ಟು ಮಾತ್ರ ಸಿಕ್ಕವು. ಕಾಡಿನಲ್ಲಿ ಬಾಲ ಹರಿದ ಚಂದ್ರ ಪತಂಗ ಕಂಡರೆ ಅಯ್ಯೋ ಪಾಪ ಅನ್ನಬೇಡಿ. ಬಚಾವಾಗಿ ಬಂದದ್ದಿರಬಹುದು.

2. ಮರ ಗೊತ್ತು ಮಾಡಿಕೊಳ್ಳಿ

ದಕ್ಷಿಣ ಭಾರತದ ಎಲೆ ಉದುರುವ ಕಾಡುಗಳಲ್ಲಿ ಮೊದಲು ನೋಡಬೇಕಾದ್ದು ಉದಿ ಮರ. ಸಸ್ಯಶಾಸ್ತ್ರದವರ ಲ್ಯಾನಿಯಾ ಕೊರೊಮಂಡೆಲಿಕಾ. ಗೂಟ ಕಡಿದು ನೆಟ್ಟರೂ ಚಿಗುರುವ ಮರ, ಹಾಗಾಗಿ ಕಾಡಂಚಿನ ಬೇಲಿಗಳಲ್ಲೂ ಇರುತ್ತದೆ. ಒಂದು ಕಡ್ಡಿಯ ಎರಡೂ ಬದಿಗೆ ಎಲೆಗಳು, ತುದಿಯಲ್ಲೊಂದು ಒಂಟಿ ಎಲೆ. ಎಲೆಗೊಂಚಲೆಲ್ಲ ಕೊಂಬೆಯ ತುದಿಗೆ ಗುಂಪುಗೂಡಿರುತ್ತದೆ.

ಎರಡನೆಯದು ಟರ್ಮಿನೇಲಿಯಾ ಕುಲದ ಮರಗಳು. ಮತ್ತಿ, ಹೊಳೆಮತ್ತಿ, ಕಾಡುಬಾದಾಮಿ ಎಲ್ಲ ಇದೇ ಕುಲ. ಉತ್ತರದ ಬೆಟ್ಟಸೀಮೆಯಲ್ಲಿ ಅಕ್ರೋಟು, ವಿಲ್ಲೊ, ಸೇಬು, ಚೆರ್ರಿ ಜಾತಿಯ ಮರಗಳನ್ನೂ ಇದು ತಿನ್ನುತ್ತದೆ. ಪಟ್ಟಿ ಇನ್ನೂ ಉದ್ದವಿದೆ. ಆದರೆ ಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ ನೀವು ಓಡಾಡುವ ಕಾಡಿನಲ್ಲಿ ಇವುಗಳಲ್ಲಿ ಯಾವುದಿದೆ ಅಂತ ನೋಡಿ, ನಾಲ್ಕೈದು ಮರಗಳನ್ನು ಗುರುತು ಮಾಡಿಟ್ಟುಕೊಳ್ಳಿ. ಕೆಳಗಿನ ಕೊಂಬೆ ಕಣ್ಣಿಗೆ ಎಟಕುವ ಎಳೆಯ ಮರಗಳಾದರೆ ಒಳ್ಳೆಯದು. ಮೂವತ್ತು ಅಡಿ ಮೇಲಿನ ಎಲೆ ನೋಡಿ ಕತ್ತು ನೋಯುತ್ತದೆಯೇ ಹೊರತು ಹುಳು ಕಾಣುವುದಿಲ್ಲ.

ಕಾಲವನ್ನೂ ಮರವೇ ಹೇಳುತ್ತದೆ. ಉದಿ ಮರ ಬೇಸಿಗೆಯಲ್ಲಿ ಪೂರ್ತಿ ಬೋಳು. ಎಲೆ ಇಲ್ಲದಾಗ ಅದರ ಮೇಲೆ ಮರಿಹುಳು ಹುಡುಕಿ ಏನು ಮಾಡುತ್ತೀರಿ? ಮಳೆಯ ಹೊತ್ತಿಗೆ ಚಿಗುರು ಬಲಿಯುವಾಗಿನಿಂದ ಎಲೆ ಹಳದಿಯಾಗುವವರೆಗೆ ನಿಮ್ಮ ಕಾಲ.

3. ಮೇಲೆ ನೋಡುವ ಮೊದಲು ಕೆಳಗೆ ನೋಡಿ

ಮರಿಹುಳು ಎಲೆಯ ಬಣ್ಣದ್ದೇ, ಎಲೆಯ ಅಡಿಯಲ್ಲೇ ಕೂರುವುದು. ಕಣ್ಣಿಗೆ ಬೀಳುವುದಿಲ್ಲ. ಆದರೆ ಅದರ ಹಿಕ್ಕೆ ಬಚ್ಚಿಡಲಾಗದು. ಬಲಿತ ಹುಳುವಿನ ಹಿಕ್ಕೆ ದಪ್ಪಗೆ, ಪೀಪಾಯಿ ಆಕಾರದಲ್ಲಿ, ಉದ್ದಕ್ಕೆ ಗೆರೆ ಕೊರೆದಂತೆ ಇರುತ್ತದೆ. ಕಲ್ಲು, ರಸ್ತೆ, ಅಗಲ ಎಲೆಯ ಗಿಡಗಳ ಮೇಲೆ ಬಿದ್ದರೆ ಸುಲಭವಾಗಿ ಕಾಣುತ್ತದೆ. ಒಣಗಿ ಕಪ್ಪಾಗಿದ್ದರೆ ಹಳೆಯದು, ಹುಳು ಹೊರಟುಹೋಗಿರಬಹುದು. ಹಸಿರಾಗಿ ಒದ್ದೆಯಾಗಿದ್ದರೆ ಹುಳು ಈಗ ನಿಮ್ಮ ತಲೆಯ ಮೇಲೇ ಇದೆ.

ಹಿಕ್ಕೆ ಸಿಕ್ಕ ಜಾಗದಿಂದ ನೇರ ಮೇಲಕ್ಕೆ ನೋಡಿ. ಬರೀ ಕಡ್ಡಿ ಉಳಿದ ಎಲೆಗೊಂಚಲು ಎಲ್ಲಿದೆ ಹುಡುಕಿ. ಅದರ ಪಕ್ಕದ ತುದಿಯಲ್ಲಿ ಹುಳು ತಲೆಕೆಳಗಾಗಿ ನೇತಾಡುತ್ತಿರಬಹುದು. ರಾತ್ರಿ ಹೋಗುವವರಿಗೆ 365 ನ್ಯಾನೋಮೀಟರ್ ನೇರಳಾತೀತ ಟಾರ್ಚು ಉಪಯೋಗಕ್ಕೆ ಬರುತ್ತದೆ. ಹಸಿರು ಮರಿಹುಳುಗಳಲ್ಲಿ ಹಲವು ಆ ಬೆಳಕಿಗೆ ಮಿನುಗುತ್ತವೆ, ಎಲೆ ಮಂಕಾಗಿ ಉಳಿಯುತ್ತದೆ. ಟಾರ್ಚನ್ನು ಯಾರ ಕಣ್ಣಿಗೂ ಹಿಡಿಯಬೇಡಿ.

ಚಂದ್ರ ಪತಂಗದ ಹುಳುವಿನ ಮೈಮೇಲೆ ಹಳದಿ ಗಂಟು, ಗಂಟಿನ ಮೇಲೆ ಸಣ್ಣ ಮುಳ್ಳುಕೂದಲು ಇರುತ್ತದೆ. ಇದು ಚುಚ್ಚಿ ವಿಷ ಏರಿಸುವ ಜಾತಿಯಲ್ಲ. ಆದರೆ ಅದೇ ಮರದಲ್ಲಿ ಮೈಯೆಲ್ಲ ಉರಿ ಎಬ್ಬಿಸುವ ಕಂಬಳಿಹುಳುಗಳೂ ಇರುತ್ತವೆ. ಗುರುತು ಖಚಿತವಾಗದೆ ಯಾವುದನ್ನೂ ಮುಟ್ಟಬೇಡಿ.

4. ರಾತ್ರಿ ಬೆಳಕು ಕಟ್ಟುವುದು

ಬೇಕಾದ್ದು ಒಂದು ಬಿಳಿ ಬಟ್ಟೆ, ಎರಡು ಕಂಬಕ್ಕೆ ಕಟ್ಟುವ ಹಗ್ಗ, ನೇರಳಾತೀತ ಬೆಳಕು ಬೀರುವ ಎಲ್ಇಡಿ ಅಥವಾ ಪಾದರಸದ ಆವಿ ದೀಪ. ಬೆಳದಿಂಗಳಿಲ್ಲದ, ಗಾಳಿಯಿಲ್ಲದ, ಬೆಚ್ಚಗಿನ, ಸ್ವಲ್ಪ ಸೆಕೆ ಇರುವ ರಾತ್ರಿ ಆರಿಸಿ. ಹುಣ್ಣಿಮೆಯಲ್ಲಿ ಕೂತರೆ ಸುಮ್ನೆ ನಿದ್ದೆ ಕೆಡುತ್ತದೆ. ನೀವು ಗುರುತು ಮಾಡಿಟ್ಟ ಮರಗಳ ಹತ್ತಿರದ ಬಯಲಲ್ಲಿ ಬಟ್ಟೆ ಕಟ್ಟಿ. ದೊಡ್ಡ ಪತಂಗಗಳು ತಡವಾಗಿ ಬರುತ್ತವೆ. ಒಂಬತ್ತು ಗಂಟೆಗೆ ಏನೂ ಬರಲಿಲ್ಲ ಅಂತ ಎದ್ದುಹೋದವರಿಗೆ ಚಂದ್ರ ಪತಂಗ ಸಿಗುವುದು ಕಷ್ಟ.

ಪತಂಗ ದೀಪಕ್ಕೆ ಬರುವುದೇ ಮೋಹದಿಂದ ಅಂತ ಕವಿಗಳು ಹೇಳುತ್ತಾರೆ. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅತಿವೇಗದ ಕ್ಯಾಮೆರಾದಲ್ಲಿ ಬೇರೆಯದೇ ಕಂಡಿತು. ಹಾರುವ ಕೀಟಗಳು ಬೆಳಕಿರುವ ಕಡೆ ಆಕಾಶವಿದೆ ಅಂತ ಬೆನ್ನನ್ನು ಅತ್ತ ತಿರುಗಿಸುತ್ತವೆ. ದೀಪ ಪಕ್ಕದಲ್ಲಿದ್ದಾಗ ದಿಕ್ಕು ತಪ್ಪಿ ಅಲ್ಲೇ ಸುತ್ತುತ್ತವೆ, ಕೆಲವೊಮ್ಮೆ ತಲೆಕೆಳಗಾಗಿ ಬೀಳುತ್ತವೆ. ಅಂದರೆ ನಮ್ಮ ದೀಪ ಅವಕ್ಕೊಂದು ಬಲೆ. ಒಂದು ವಾರದ ಬಾಳಿನಲ್ಲಿ ಒಂದು ರಾತ್ರಿ ಹಾಳಾದರೆ ಅದು ಸಣ್ಣ ನಷ್ಟವಲ್ಲ ಅಲ್ವಾ? ಹಾಗಾಗಿ ಮೂರು-ನಾಲ್ಕು ಗಂಟೆ ಹಚ್ಚಿ, ಫೋಟೊ ತೆಗೆದು, ಆರಿಸಿ. ಒಂದೇ ಜಾಗದಲ್ಲಿ ದಿನಾ ಹಚ್ಚಬೇಡಿ. ಬಟ್ಟೆ ಬಿಚ್ಚುವಾಗ ಕೂತಿರುವ ಪತಂಗಗಳನ್ನು ಬೆರಳಿಗೆ ಹತ್ತಿಸಿಕೊಂಡು ಪೊದೆಯೊಳಗೆ ಬಿಡಿ. ಬಟ್ಟೆಯ ಮೇಲೇ ಬಿಟ್ಟರೆ ಬೆಳಗಿನ ಹಕ್ಕಿಗಳಿಗೆ ಹಬ್ಬ. ರೆಕ್ಕೆ ಹಿಡಿದು ಎತ್ತುವುದಂತೂ ಬೇಡವೇ ಬೇಡ, ಹುಡಿಯಂತಹ ಹುರುಪೆ ಉದುರುತ್ತದೆ.

ಭಾರತದಲ್ಲಿ ರಾಷ್ಟ್ರೀಯ ಉದ್ಯಾನ, ವನ್ಯಜೀವಿಧಾಮಗಳ ಒಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ಬೆಳಕು ಕಟ್ಟುವುದಾಗಲಿ, ಮೊಟ್ಟೆ, ಹುಳು ತರುವುದಾಗಲಿ ಮಾಡಬಾರದು. ಮುಂದಿನ ಹೆಜ್ಜೆಗಳೆಲ್ಲ ಅದರ ಹೊರಗಿನ ಜಾಗಕ್ಕೆ, ಜಮೀನಿನವರ ಒಪ್ಪಿಗೆ ಇದ್ದಾಗ.

5. ಮೊಟ್ಟೆ ಪಡೆಯುವುದು

ಬೆಳಕಿಗೆ ಹೆಚ್ಚಾಗಿ ಬರುವುದು ಗಂಡು. ಹೆಣ್ಣು ಬಂದರೆ ಅದು ಆಗಲೇ ಕೂಡಿರುವ ಸಾಧ್ಯತೆ ಜಾಸ್ತಿ. ಅದನ್ನು ದೊಡ್ಡ ಕಾಗದದ ಚೀಲದಲ್ಲಿ ಬಿಟ್ಟು ಬಾಯಿ ಮಡಚಿ, ನೆರಳಲ್ಲಿ ಒಂದು ರಾತ್ರಿ ಇಡಿ. ಎಲೆ ಇಡುವ ಅಗತ್ಯ ಇಲ್ಲ. ಚೀಲದ ಗೋಡೆಗೇ ಮೊಟ್ಟೆ ಅಂಟಿಸುತ್ತದೆ. ಮಾರನೆಯ ಸಂಜೆ ಅದನ್ನು ಹಿಡಿದ ಜಾಗಕ್ಕೇ ಬಿಟ್ಟುಬಿಡಿ. ಇನ್ನೂ ಮೊಟ್ಟೆ ಬಾಕಿ ಇರುತ್ತದೆ, ಅವು ಕಾಡಿಗೆ ಸೇರಬೇಕಾದ್ದು.

ಮೊಟ್ಟೆ ಸುಮಾರು 2 ಮಿ.ಮೀ., ಬಿಳಿಯ ಮೇಲೆ ಕಪ್ಪು-ಬೂದು ಚುಕ್ಕೆ. ಕಿತ್ತು ತೆಗೆಯಬೇಡಿ. ಕಾಗದ ಸಮೇತ ಕತ್ತರಿಸಿ. ನೀವು ಸಾಕಲು ಹತ್ತು-ಹನ್ನೆರಡು ಸಾಕು. ಮಿಕ್ಕಿದ್ದನ್ನು ಕಾಗದದೊಂದಿಗೆ ಅದೇ ಕಾಡಿನ ಉದಿ ಅಥವಾ ಮತ್ತಿ ಎಲೆಯ ಅಡಿಗೆ ಪಿನ್ ಮಾಡಿ ಬನ್ನಿ. ಎಲ್ಲವನ್ನೂ ಸಾಕುತ್ತೇನೆ ಅಂತ ಹೊರಡುವವರನ್ನು ನೋಡಿದ್ದೇನೆ. ನೂರು ಹುಳುಗಳು ಕೊನೆಯ ಹಂತಕ್ಕೆ ಬಂದಾಗ ಸೊಪ್ಪು ತಂದು ಮುಗಿಯುವುದಿಲ್ಲ.

ಸಣ್ಣ ಮುಚ್ಚಳದ ಡಬ್ಬಿಯಲ್ಲಿ, ಬಿಸಿಲು ತಾಗದ ಕಡೆ ಮೊಟ್ಟೆ ಇಡಿ. ಒಳಗೆ ನೀರು ಹಾಕಬೇಡಿ, ಬೂಸ್ಟು ಹಿಡಿಯುತ್ತದೆ. ಸೆಕೆ-ಚಳಿ ನೋಡಿಕೊಂಡು ಸುಮಾರು 12 ದಿನಕ್ಕೆ ಒಡೆಯುತ್ತವೆ.

6. ಚಾಕಿ ಹುಳು (ಎಳೆಯ ಹುಳು): ಕಷ್ಟವೆಲ್ಲ ಇಲ್ಲೇ

ಒಡೆದು ಬಂದ ಹುಳು ಕೆಂಪಗಿರುತ್ತದೆ, ನಡುಬೆನ್ನಿಗೆ ಕಪ್ಪು ಪಟ್ಟಿ. ಮೊದಲ ಒಂದೆರಡು ದಿನ ಅದು ತಿನ್ನುವುದಕ್ಕಿಂತ ಓಡುವುದೇ ಜಾಸ್ತಿ. ಗಾಬರಿಯಾಗಬೇಡಿ, ಅದರ ಸ್ವಭಾವವೇ ಅದು. ಆದರೆ ಓಡಲು ಜಾಗ ಕೊಟ್ಟರೆ ಎಲೆ ಸಿಗದೆ ಒಣಗಿ ಸಾಯುತ್ತದೆ. ಅದಕ್ಕೇ ಸಣ್ಣ ಡಬ್ಬಿ. ತಳಕ್ಕೆ ಟಿಶ್ಯೂ ಕಾಗದ ಹಾಸಿ, ಅದರ ಮೇಲೆ ಎಳೆ ಎಲೆ ಇಡಿ. ತೀರಾ ಕೊನೆಯ ಚಿಗುರೂ ಬೇಡ, ಬಲಿತ ಎಲೆಯೂ ಬೇಡ, ನಡುವಿನದು. ಮುಚ್ಚಳ ಮುಚ್ಚಿರಲಿ, ಎಲೆ ಬಾಡಬಾರದು. ದಿನಕ್ಕೊಮ್ಮೆ ತೆಗೆದು ಗಾಳಿ ಆಡಿಸಿ, ಒಳಗೆ ನೀರಹನಿ ಕಟ್ಟಿದ್ದರೆ ಒರೆಸಿ. ಈ ಗಾತ್ರದ ಹುಳುವಿಗೆ ಒಂದು ಹನಿಯೂ ಕೆರೆ.

ಮರಿಯಾದಾಗ ಯಾವ ಮರದ ಎಲೆ ತಿಂದಿತೋ ಕೊನೆಯವರೆಗೂ ಅದನ್ನೇ ಕೊಡಿ. ನಡುವೆ ಬದಲಿಸಿದರೆ ಬಹಳ ಹುಳುಗಳು ಮುಟ್ಟುವುದೇ ಇಲ್ಲ. ಔಷಧಿ ಹೊಡೆದ ತೋಟದ ಪಕ್ಕದ ಸೊಪ್ಪನ್ನು ತೊಳೆದು ಕೊಟ್ಟರೂ ನಂಬಬೇಡಿ.

ಹಳೆ ಎಲೆಯಿಂದ ಹುಳುವನ್ನು ಎಳೆಯುವುದು ತಪ್ಪು. ಅದು ಕಾಲಿನಿಂದ ಬಿಗಿಯಾಗಿ ಹಿಡಿದಿರುತ್ತದೆ, ಎಳೆದರೆ ಕಾಲು ಕಿತ್ತು ಬರಬಹುದು. ಅದು ಕೂತ ಎಲೆಯ ತುಂಡನ್ನೇ ಕತ್ತರಿಸಿ ಹೊಸ ಎಲೆಯ ಮೇಲಿಡಿ. ತಾನೇ ದಾಟಿಕೊಳ್ಳುತ್ತದೆ.

ಒಂದು ದಿನ ಹುಳು ತಿನ್ನುವುದು ಬಿಟ್ಟು ಅಲುಗಾಡದೆ ಕೂರುತ್ತದೆ. ರೇಷ್ಮೆ ಸಾಕುವ ಮನೆಯವರಾದರೆ ನಿಮಗೆ ಹೇಳಬೇಕಾಗಿಲ್ಲ: ಜ್ವರಕ್ಕೆ ಕೂತಿದೆ. ಹಳೆ ಚರ್ಮ ಕಳಚಲು ಒಂದೆರಡು ದಿನ ಬೇಕು. ಆಗ ಮುಟ್ಟಬಾರದು, ಅದು ಕೂತ ಕಡ್ಡಿಯನ್ನೂ ಅಲುಗಿಸಬಾರದು. ಜ್ವರದಿಂದ ಎದ್ದ ಮೇಲೆ ಕಳಚಿದ ಚರ್ಮವನ್ನೇ ತಿನ್ನುವುದನ್ನು ನೋಡಬಹುದು. ಒಟ್ಟು ನಾಲ್ಕು ಜ್ವರ, ಐದು ಹಂತ. ಎರಡನೇ ಹಂತದಲ್ಲಿ ಮೈ ಕೆಂಪು, ತಲೆ ಕಪ್ಪು. ಮೂರನೇ ಹಂತಕ್ಕೆ ಹಸಿರು ಬರುತ್ತದೆ.

7. ದೊಡ್ಡ ಹುಳು

ಮೂರನೇ ಹಂತದಿಂದ ಗಾಳಿ ಬೇಕು. ಡಬ್ಬಿ ಬಿಟ್ಟು ಬಲೆಯ ಗೂಡಿಗೆ ಬದಲಿಸಿ. ಕೊಂಬೆಯನ್ನು ನೀರಿನ ಬಾಟಲಿಯಲ್ಲಿ ನಿಲ್ಲಿಸಿ, ಬಾಟಲಿಯ ಬಾಯಿಗೆ ಹತ್ತಿ ತುರುಕಿ. ಇಲ್ಲದಿದ್ದರೆ ಹುಳು ಕಡ್ಡಿ ಹಿಡಿದು ನೀರಿಗಿಳಿದು ಮುಳುಗುತ್ತದೆ. ಹಿಕ್ಕೆ ದಿನಾ ತೆಗೆಯಿರಿ. ಗೂಡಿನಲ್ಲಿ ಜನಸಂದಣಿ ಬೇಡ.

ಕೊನೆಯ ಹಂತದಲ್ಲಿ ಹುಳು ಕೈಬೆರಳಿನಷ್ಟು ದಪ್ಪ. ತಿನ್ನುವ ಸದ್ದು ಕೇಳುತ್ತದೆ. ಇಡೀ ಬಾಳಿನ ಸೊಪ್ಪಿನಲ್ಲಿ ಹೆಚ್ಚಿನ ಪಾಲು ಈ ಹಂತದಲ್ಲೇ ಖಾಲಿ. ಮೊಟ್ಟೆ ಒಡೆದಾಗಿನಿಂದ ಇಲ್ಲಿಗೆ ಬರಲು ಸುಮಾರು ಐದರಿಂದ ಏಳು ವಾರ, ಹವೆ ತಂಪಿದ್ದರೆ ಇನ್ನೂ ನಿಧಾನ.

ಎರಡು ಅಪಾಯಗಳಿವೆ. ಮೊದಲನೆಯದು ರೋಗ. ಹುಳು ಮೆತ್ತಗಾಗಿ, ಹಿಕ್ಕೆ ನೀರಾಗಿ, ಕಪ್ಪಾಗಿ ಜೋತುಬಿದ್ದರೆ ಉಳಿಯುವುದಿಲ್ಲ. ಆ ಹುಳುವನ್ನು, ಅದು ಮುಟ್ಟಿದ ಸೊಪ್ಪನ್ನು ಕೂಡಲೇ ತೆಗೆದು ಹೂಳಿ, ಗೂಡನ್ನು ತೊಳೆದು ಬಿಸಿಲಿಗೆ ಒಣಗಿಸಿ, ಉಳಿದವನ್ನು ಬೇರೆ ಬೇರೆ ಇಡಿ. ಒದ್ದೆ ಎಲೆ, ಬಿಸಿ, ಗಿಜಿಬಿಜಿ ಮೂರೂ ಸೇರಿದಾಗ ಇದು ಬರುತ್ತದೆ. ಔಷಧಿ ಹುಡುಕುವುದಕ್ಕಿಂತ ಒಣ ಗೂಡು ಇಟ್ಟುಕೊಳ್ಳುವುದು ವಾಸಿ.

ಎರಡನೆಯದು ಪರಾವಲಂಬಿಗಳು. ಕಾಡಿನಿಂದ ತಂದ ಬಲಿತ ಹುಳುವಿನ ಮೈಮೇಲೆ ಸಣ್ಣ ಬಿಳಿ ಮೊಟ್ಟೆ ಅಥವಾ ಕಪ್ಪು ಚುಕ್ಕೆ ಕಂಡರೆ ಅದು ರೇಷ್ಮೆಹುಳುವನ್ನು ಕಾಡುವ ಊಜಿಯಂತಹ ನೊಣದ ಕೆಲಸ ಇರಬಹುದು. ಒಳಗೆ ಬೆಳೆದ ನೊಣದ ಮರಿ ಕೊನೆಗೆ ಹುಳುವನ್ನೋ ಕೋಶವನ್ನೋ ಕೊರೆದು ಹೊರಬರುತ್ತದೆ. ಕಣಜಗಳೂ ಹೀಗೇ ಮಾಡುತ್ತವೆ. ಪತಂಗದ ಬದಲು ನೊಣ ಬಂತಲ್ಲ ಅಂತ ಹಾಗೇ ಎಸೆಯಬೇಡಿ. ಯಾವ ಹುಳುವಿನಿಂದ ಯಾವ ನೊಣ ಬಂತು ಅನ್ನುವ ದಾಖಲೆ ಪತಂಗದ ಇನ್ನೊಂದು ಫೋಟೊಗಿಂತ ಎಷ್ಟೋ ಬೆಲೆಬಾಳುತ್ತದೆ.

8. ಗೂಡು ಕಟ್ಟುವಾಗ

ಪೂರ್ತಿ ಬೆಳೆದು ಹಣ್ಣಾದ ಹುಳು ತಿನ್ನುವುದು ನಿಲ್ಲಿಸಿ ಮೆತ್ತನೆಯ ನೀರುಹಿಕ್ಕೆ ಹಾಕುತ್ತದೆ. ಇದನ್ನು ರೋಗ ಅಂದುಕೊಳ್ಳಬೇಡಿ. ರೋಗದ ಹುಳು ಜೋತುಬೀಳುತ್ತದೆ, ಇದು ಚುರುಕಾಗಿ ಸುತ್ತಾಡುತ್ತದೆ. ಎಲೆಗಳನ್ನು ಬಗ್ಗಿಸಿ ಸೇರಿಸಿ ನಡುವೆ ಕಂದು ಬಣ್ಣದ ತೆಳು ಗೂಡು ನೇಯುತ್ತದೆ. ಇದರ ರೇಷ್ಮೆ ಟಸರ್‌ನಂತೆ ನೂಲು ಬಿಚ್ಚಲು ಬರುವ ಗಟ್ಟಿ ಗೂಡಲ್ಲ, ಕಾಗದದಂತೆ ಇರುತ್ತದೆ. ಒಂದು ವಾರ ಮುಟ್ಟಬೇಡಿ. ಒಳಗೆ ಹುಳು ಕೋಶವಾಗಲು, ಕೋಶ ಗಟ್ಟಿಯಾಗಲು ಅಷ್ಟು ಬೇಕು.

ಬೆಚ್ಚಗಿನ ಕಾಲದಲ್ಲಿ ಸುಮಾರು ಒಂದು ತಿಂಗಳಿಗೆ ಪತಂಗ ಬರುತ್ತದೆ. ಚಳಿ ಅಥವಾ ಒಣ ಕಾಲ ಎದುರಿಗಿದ್ದರೆ ಕೋಶ ತಿಂಗಳುಗಟ್ಟಲೆ ಹಾಗೇ ಮಲಗಬಹುದು. ಸತ್ತಿದೆ ಅಂತ ಬಿಸಾಡುವ ಮೊದಲು ಕೈಯಲ್ಲಿ ಹಿಡಿದು ತೂಗಿ ನೋಡಿ. ಭಾರ ಇದ್ದರೆ ಜೀವ ಇದೆ, ಹಗುರಾಗಿ ಗಲಗಲ ಅಂದರೆ ಇಲ್ಲ. ವಾರಕ್ಕೆ ಒಂದೆರಡು ಸಲ ನೀರು ಸಿಂಪಡಿಸಿ, ಪೂರ್ತಿ ಒಣಗಲು ಬಿಡಬೇಡಿ.

9. ಪತಂಗ ಹೊರಬರುವ ದಿನ

ಗೂಡುಗಳನ್ನು ಬಲೆಯ ಪಂಜರದಲ್ಲಿ ಇಡಿ. ಪಂಜರದ ಗೋಡೆ ಒರಟಾಗಿರಬೇಕು, ಎತ್ತರ ಒಂದು ಅಡಿಗೆ ಕಡಿಮೆ ಇರಬಾರದು. ಹೊರಬಂದ ಪತಂಗಕ್ಕೆ ರೆಕ್ಕೆ ಮುದುರಿದ ಚಿಂದಿಯಷ್ಟೇ ಇರುತ್ತದೆ. ಅದು ಕೂಡಲೇ ಮೇಲೆ ಹತ್ತಿ, ರೆಕ್ಕೆ ಕೆಳಗೆ ಇಳಿಬಿಟ್ಟು ನೇತಾಡಿ, ಮೈಯ ದ್ರವವನ್ನು ರೆಕ್ಕೆಯ ನರಗಳಿಗೆ ತಳ್ಳುತ್ತದೆ. ಹತ್ತಲು ಹಿಡಿತ ಸಿಗದೆ ನೆಲದಲ್ಲೇ ಉಳಿದರೆ ರೆಕ್ಕೆ ಮುದುರಿದಂತೆಯೇ ಗಟ್ಟಿಯಾಗುತ್ತದೆ, ಆಮೇಲೆ ಸರಿಪಡಿಸಲು ಆಗುವುದಿಲ್ಲ. ನುಣುಪು ಪ್ಲಾಸ್ಟಿಕ್ ಡಬ್ಬಿಯಲ್ಲಿ ಗೂಡು ಇಟ್ಟವರಿಗೆ ಆಗುವುದು ಇದೇ. ಬಣ್ಣದ ದ್ರವ ಕಾರಿದರೂ ಹೆದರಬೇಡಿ, ಕೋಶದೊಳಗೆ ಕೂಡಿಟ್ಟ ಕಸ ಅದು.

ಸಹಾಯ ಮಾಡುತ್ತೇನೆ ಅಂತ ಗೂಡು ಕತ್ತರಿಸುವುದು ಬೇಡ.

10. ಬಿಡುವುದು

ಬಿಡುವ ಮೊದಲು ನೋಡುವಂತಹ ಒಂದು ಆಟ ಇದೆ. ಈಗಷ್ಟೇ ಹೊರಬಂದ ಹೆಣ್ಣು ಸಿಕ್ಕರೆ ಅದನ್ನು ಬಲೆಯ ಪಂಜರದಲ್ಲೇ, ತಾಯಿಯನ್ನು ಹಿಡಿದ ಕಾಡಿನ ಮರಕ್ಕೆ ಸಂಜೆ ತೂಗುಹಾಕಿ. ಕತ್ತಲಾದ ಮೇಲೆ ಅದು ಹೊಟ್ಟೆಯ ತುದಿ ಚಾಚಿ ವಾಸನೆ ಬಿಡುತ್ತದೆ. ನಮ್ಮ ಮೂಗಿಗೆ ಏನೂ ಗೊತ್ತಾಗುವುದಿಲ್ಲ. ಕಾಡಿನ ಗಂಡುಗಳು ಗರಿಮೀಸೆಯಲ್ಲಿ ಅದನ್ನು ಹಿಡಿದು ಗಾಳಿಗೆ ಎದುರಾಗಿ ಹಾರಿ ಬರುತ್ತವೆ. ಕೀಟಗಳ ಇಂತಹ ವಾಸನೆಯನ್ನು ಮೊದಲ ಬಾರಿಗೆ ಬೇರ್ಪಡಿಸಿ ಗುರುತಿಸಿದ್ದು 1959ರಲ್ಲಿ, ಅಡಾಲ್ಫ್ ಬುಟೆನಾಂಟ್ ಮತ್ತು ಜೊತೆಗಾರರು. ಅವರು ಬಳಸಿದ್ದು ಹಿಪ್ಪುನೇರಳೆ ರೇಷ್ಮೆಯ ಹೆಣ್ಣು ಪತಂಗಗಳನ್ನು, ಅದೂ ಸುಮಾರು ಐದು ಲಕ್ಷ. ನಿಮಗೆ ಒಂದು ಸಾಕು. ಗಂಡು ಬಂದು ಪಂಜರಕ್ಕೆ ಬಡಿದಾಡುವಾಗ ಬಾಗಿಲು ತೆರೆದು ದೂರ ಸರಿಯಿರಿ. ಕೂಡಿದ ಜೋಡಿ ಗಂಟೆಗಟ್ಟಲೆ ಹಾಗೇ ಇರುತ್ತದೆ, ಅಲುಗಿಸಬೇಡಿ.

ಉಳಿದವನ್ನು ಹೊರಬಂದ ದಿನವೇ, ಕತ್ತಲಾದ ಮೇಲೆ, ದೀಪಗಳಿಂದ ದೂರ ಬಿಡಿ. ಜಾಗ ಮೊಟ್ಟೆ ಬಂದ ಜಾಗವೇ ಆಗಬೇಕು. ಬೇರೆ ಸೀಮೆಗೆ ಒಯ್ದು ಬಿಟ್ಟರೆ ಅಲ್ಲಿಲ್ಲದ ರೋಗವನ್ನೂ ಜೊತೆಗೆ ಒಯ್ದಂತೆ. ಒಂದೇ ತಾಯಿಯ ಮಕ್ಕಳನ್ನು ಕೂಡಿಸಿ ತಲೆಮಾರುಗಟ್ಟಲೆ ಮನೆಯಲ್ಲೇ ಬೆಳೆಸುವುದನ್ನು ನಾನು ಒಪ್ಪುವುದಿಲ್ಲ. ಮೊಟ್ಟೆ, ಕೋಶ ಮಾರುವುದನ್ನಂತೂ ಇಲ್ಲವೇ ಇಲ್ಲ.

11. ಬರೆದಿಡುವುದು

ಇದನ್ನು ಮೊದಲ ದಿನದಿಂದಲೇ ಮಾಡಿ. ತಾರೀಕು, ಗಂಟೆ, ಮರ, ಹುಳು ಯಾವ ಹಂತ, ಜ್ವರಕ್ಕೆ ಕೂತ ದಿನ, ಎದ್ದ ದಿನ, ಗೂಡು ಕಟ್ಟಿದ ದಿನ, ಪತಂಗ ಬಂದ ದಿನ, ಗಂಡೋ ಹೆಣ್ಣೋ. ಪ್ರತಿ ಹಂತದ ಫೋಟೊದಲ್ಲಿ ಪಕ್ಕಕ್ಕೊಂದು ಅಳತೆಪಟ್ಟಿ ಇಡಿ. ಜೀವಿಗಳ ಫೋಟೊ ದಾಖಲಿಸುವ ಜಾಲತಾಣ ಐನ್ಯಾಚುರಲಿಸ್ಟ್‌ನಲ್ಲಿ ಹಾಕುವಾಗ ಸಾಕಿದ ಪತಂಗವನ್ನು ಸಾಕಿದ್ದು ಅಂತಲೇ ಗುರುತಿಸಿ. ಕಾಡಿನಲ್ಲಿ ಕಂಡ ಮೊಟ್ಟೆ ಅಥವಾ ಹುಳುವನ್ನು ಬೇರೆ ದಾಖಲೆಯಾಗಿ ಹಾಕಿ, ಮರದ ಹೆಸರು ತಪ್ಪದೆ ಬರೆಯಿರಿ. 2012ರಿಂದ ಪ್ರತಿ ವರ್ಷ ಜುಲೈ ಕೊನೆಗೆ ಪತಂಗ ಸಪ್ತಾಹ ನಡೆಯುತ್ತದೆ. ಆಗ ಹಾಕಿದ ಫೋಟೊಗಳ ಗುರುತು ಬೇಗ ಸಿಗುತ್ತದೆ, ನೋಡುವ ಕಣ್ಣುಗಳು ಜಾಸ್ತಿ ಇರುತ್ತವೆ. ಸತ್ತ ಪತಂಗ ಸಿಕ್ಕರೆ ಕಾಗದದಲ್ಲಿ ಮಡಚಿ, ಸ್ಥಳ-ತಾರೀಕು ಬರೆದು, ಕತ್ತಲಲ್ಲಿ ಇಡಿ. ಬಿಸಿಲಿಗೆ ಆ ಹಸಿರು ಬಣ್ಣ ಬೇಗ ಮಾಸುತ್ತದೆ.